ಇ = ಎಂಸಿ²: ದ್ರವ್ಯರಾಶಿ ಶಕ್ತಿಯಾಗುತ್ತದೆ ಎಂದರೆ ನಿಜಕ್ಕೂ ಆಗುವುದೇನು?

ಸಪ್ತಾಪುರ ರೂಮು, ಧಾರವಾಡ
ಎಲ್ಲರಿಗೂ ನಮಸ್ಕಾರ. ನಾನು ಬಿ.ಎ. ಮುಗಿಸಿದವನು. ಧಾರವಾಡದಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಇತಿಹಾಸ, ಸಂವಿಧಾನ ಹೇಗೋ ಸಾಗುತ್ತವೆ, ಸಾಮಾನ್ಯ ವಿಜ್ಞಾನ ಮಾತ್ರ ಕಬ್ಬಿಣದ ಕಡಲೆ. ಅಭ್ಯಾಸದ ಪ್ರಶ್ನೆಪತ್ರಿಕೆಯಲ್ಲಿ ‘ಪರಮಾಣು ಸ್ಥಾವರದಲ್ಲಿ ಶಕ್ತಿ ಹುಟ್ಟುವುದು ಹೇಗೆ’ ಎಂಬ ಪ್ರಶ್ನೆಗೆ ‘ದ್ರವ್ಯರಾಶಿ ಶಕ್ತಿಯಾಗಿ ಮಾರ್ಪಡುವುದರಿಂದ’ ಎಂದು ಉತ್ತರ ಕೊಟ್ಟಿದ್ದಾರೆ. ಅಷ್ಟಕ್ಕೇ ನಮ್ಮ ಕೋಣೆಯಲ್ಲಿ ಜಗಳ ಎದ್ದಿದೆ. ಒಬ್ಬ ಹೇಳುತ್ತಾನೆ, ಯುರೇನಿಯಂ ಪೂರ್ತಿ ಮಾಯವಾಗಿ ಕರೆಂಟ್ ಆಗುತ್ತದೆ ಎಂದು. ಇನ್ನೊಬ್ಬನ ವಾದ, ವಸ್ತು ಬೆಳಕಿನ ವೇಗದ ವರ್ಗದಷ್ಟು ವೇಗದಲ್ಲಿ ಓಡಿದಾಗ ಮಾತ್ರ ಶಕ್ತಿಯಾಗುತ್ತದೆ, ಸೂತ್ರದಲ್ಲಿ ಹಾಗೇ ಇದೆಯಲ್ಲ ಎಂದು. ನನಗೆ ಎರಡೂ ನಂಬಿಕೆಯಾಗುತ್ತಿಲ್ಲ. ಕೋಚಿಂಗಿನಲ್ಲಿ ಕೇಳಿದರೆ ‘ಒಂದು ಅಂಕದ ಪ್ರಶ್ನೆ, ಬಾಯಿಪಾಠ ಮಾಡು’ ಎಂದರು. ತಿಳಿದವರು ಬಿಡಿಸಿ ಹೇಳಿ.

ಬ್ಯಾಡಗಿ ಖಾರ, ಹಾವೇರಿ ಜಿಲ್ಲೆ
ನಮ್ಮ ಕಣಕ್ಕೆ ಬನ್ನಿ ತಮ್ಮಾ. ಹಸಿ ಮೆಣಸಿನಕಾಯಿ ಹರಡಿದರೆ ಒಣಗುವಷ್ಟರಲ್ಲಿ ತೂಕ ಕಾಲು ಭಾಗಕ್ಕೆ ಇಳಿದಿರುತ್ತದೆ. ಆ ದ್ರವ್ಯರಾಶಿಯೆಲ್ಲ ಶಕ್ತಿಯಾಗಿ ದಲಾಲಿ ಅಂಗಡಿಗೆ ಹೋಗಿರಬೇಕು.

ಹಳೆಯ ಮಾಸ್ತರ, ಗದಗ
ಖಾರದವರೇ, ನಗೆ ಸರಿ, ಆದರೆ ಇದನ್ನು ನಿಜವೆಂದು ನಂಬುವವರನ್ನು ತರಗತಿಯಲ್ಲಿ ಕಂಡಿದ್ದೇನೆ. ನಿಮ್ಮ ಕಾಯಿಯಿಂದ ಹೋದದ್ದು ನೀರು. ಆ ಆವಿಯನ್ನು ಹಿಡಿದು ತೂಗಿದರೆ ಲೆಕ್ಕ ಚುಕ್ತಾ ಆಗುತ್ತದೆ. ಸೌದೆ ಉರಿದು ಬೂದಿಯಾದಾಗಲೂ ಅಷ್ಟೇ. ಹೊಗೆ, ಆವಿ, ಬೂದಿ ಎಲ್ಲ ಕೂಡಿಸಿ, ಉರಿಯಲು ತೆಗೆದುಕೊಂಡ ಆಮ್ಲಜನಕವನ್ನು ಕಳೆದರೆ ತಕ್ಕಡಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ‘ತಕ್ಕಡಿಗೆ ಗೊತ್ತಾಗುವುದಿಲ್ಲ’ ಎಂದೆ, ‘ವ್ಯತ್ಯಾಸ ಇಲ್ಲ’ ಎನ್ನಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಸಪ್ತಾಪುರದ ತಮ್ಮನ ಎರಡನೆಯ ಗೆಳೆಯನಿಗೆ ಮೊದಲು ಉತ್ತರ. ಸೂತ್ರದಲ್ಲಿ ಇ ಎಂದರೆ ಶಕ್ತಿ, ಎಂ ಎಂದರೆ ದ್ರವ್ಯರಾಶಿ, ಸಿ ಎಂದರೆ ಬೆಳಕಿನ ವೇಗ. ಬೆಳಕಿನ ವೇಗ ಇದ್ದ ಮಾತ್ರಕ್ಕೆ ಯಾರೂ ಓಡಬೇಕಾಗಿಲ್ಲ. ಮೇಜಿನ ಮೇಲೆ ತೆಪ್ಪಗೆ ಕುಳಿತ ಕಲ್ಲಿಗೂ ಈ ಸೂತ್ರ ಅನ್ವಯಿಸುತ್ತದೆ, ನಿಜ ಹೇಳಬೇಕೆಂದರೆ ನಿಂತ ವಸ್ತುವಿಗೇ ಅದು ಅತ್ಯಂತ ನೇರವಾಗಿ ಅನ್ವಯಿಸುವುದು. ದ್ರವ್ಯರಾಶಿಯನ್ನು ಕಿಲೋಗ್ರಾಂನಲ್ಲಿ ಅಳೆಯುತ್ತೇವೆ, ಶಕ್ತಿಯನ್ನು ಜೌಲ್‌ನಲ್ಲಿ. ಒಂದು ಜೌಲ್ ಎಂದರೆ ಕಿಲೋಗ್ರಾಂ ಗುಣಿಸು ಸೆಕೆಂಡಿಗೆ ಇಷ್ಟು ಮೀಟರ್ ಎಂಬುದರ ವರ್ಗ. ಹೈಸ್ಕೂಲಿನ ಚಲನ ಶಕ್ತಿಯ ಸೂತ್ರದಲ್ಲೂ ವೇಗದ ವರ್ಗವೇ ಇದೆ, ನೆನಪು ಮಾಡಿಕೊಳ್ಳಿ. ಕಿಲೋಗ್ರಾಂನಿಂದ ಜೌಲ್‌ಗೆ ಹೋಗಬೇಕೆಂದರೆ ಮಧ್ಯೆ ಯಾವುದೋ ಒಂದು ವೇಗದ ವರ್ಗ ಬರಲೇಬೇಕು. ಎಲ್ಲರಿಗೂ, ಎಲ್ಲ ಕಾಲಕ್ಕೂ ಒಂದೇ ಆಗಿರುವ ವೇಗ ಜಗತ್ತಿನಲ್ಲಿ ಒಂದೇ ಒಂದು, ಅದು ನಿರ್ವಾತದಲ್ಲಿ ಬೆಳಕಿನದು. ಸೆಕೆಂಡಿಗೆ 29,97,92,458 ಮೀಟರ್. ಅದರ ವರ್ಗ ಒಂದು ಗುಣಕ, ಅಷ್ಟೇ.

ವಿದ್ಯಾನಗರ ಇಂಜಿನಿಯರ್, ಹುಬ್ಬಳ್ಳಿ
ಗುಣಕ ‘ಅಷ್ಟೇ’ ಎಂದು ಮಾಸ್ತರರು ಎಷ್ಟು ಸಲೀಸಾಗಿ ಹೇಳಿಬಿಟ್ಟರು! ಅದರ ಗಾತ್ರ ನೋಡಿ. ಒಂದರ ಮುಂದೆ ಹದಿನಾರು ಸೊನ್ನೆ, ಅದರ ಒಂಬತ್ತು ಪಟ್ಟು. ಒಂದು ಗ್ರಾಂ ದ್ರವ್ಯರಾಶಿಗೆ ಸಮನಾದ ಶಕ್ತಿಯನ್ನು ಮೀಟರಿನ ಲೆಕ್ಕಕ್ಕೆ ತಂದರೆ ಎರಡೂವರೆ ಕೋಟಿ ಯೂನಿಟ್. ತಿಂಗಳಿಗೆ 100 ಯೂನಿಟ್ ಉರಿಸುವ ಮನೆಗಳಾದರೆ 20 ಸಾವಿರ ಮನೆಗಳಿಗೆ ಒಂದು ವರ್ಷ ಸಾಕಾಗಿ ಮಿಗುತ್ತದೆ.

ಕಪ್ಪತಗುಡ್ಡದ ಗಾಳಿ, ಗದಗ ಜಿಲ್ಲೆ
ಹಾಗಾದರೆ ನಮ್ಮ ಗುಡ್ಡದ ಮೇಲೆ ಇಷ್ಟೊಂದು ಗಾಳಿಯಂತ್ರ ನಿಲ್ಲಿಸಿದ್ದು ಏಕೆ? ದಿನಕ್ಕೆ ಒಂದು ಗ್ರಾಂ ಮಣ್ಣು ಹಾಕಿದರೆ ಮುಗಿಯಿತಲ್ಲ. ಸೂತ್ರ ಬಂದು ನೂರು ವರ್ಷ ದಾಟಿದೆ, ಇನ್ನೂ ಯಾರೂ ಮಾಡಿಲ್ಲ ಎಂದರೆ ಯಾರೋ ತಡೆದಿದ್ದಾರೆ. ಎಣ್ಣೆ ಮಾರುವವರು ಬಿಡುತ್ತಾರೆಯೇ?

ವಿದ್ಯಾನಗರ ಇಂಜಿನಿಯರ್, ಹುಬ್ಬಳ್ಳಿ
ಬಂತು ನೋಡಿ. ಮುಂದೆ ನೀರಿನಿಂದ ಓಡುವ ಬೈಕ್ ಬರುತ್ತದೆ.

ಹಳೆಯ ಮಾಸ್ತರ, ಗದಗ
ಇಂಜಿನಿಯರ್ ಸಾಹೇಬರೇ, ಹಂಗಿಸಬೇಡಿ, ಪ್ರಶ್ನೆ ಒಳ್ಳೆಯದಿದೆ. ಇದಕ್ಕೆ ಉತ್ತರ ಗೊತ್ತಾಗದೆ ಸೂತ್ರ ಗೊತ್ತಾಯಿತು ಎನ್ನುವಂತಿಲ್ಲ.

ಗಾಳಿಯವರೇ, ಇಷ್ಟು ದ್ರವ್ಯರಾಶಿಗೆ ಇಷ್ಟು ಶಕ್ತಿ ಸಮ ಎಂದು ಸೂತ್ರ ಹೇಳುತ್ತದೆ. ಅದನ್ನು ಹೊರಗೆ ತೆಗೆಯುವ ದಾರಿ ಇದೆಯೋ ಇಲ್ಲವೋ ಎಂಬುದರ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ. ನಿಮ್ಮ ಮಣ್ಣಿನ ತೂಕದಲ್ಲಿ ಹೆಚ್ಚುಕಡಿಮೆ ಎಲ್ಲವೂ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳದು. ಇವುಗಳ ಒಟ್ಟು ಸಂಖ್ಯೆ ಸಾಮಾನ್ಯ ವಸ್ತುಗಳ ನಡುವೆ ನಾವು ಬಲ್ಲ ಯಾವ ಕ್ರಿಯೆಯಲ್ಲೂ ಕಡಿಮೆಯಾಗುವುದಿಲ್ಲ. ಬೆಂಕಿಯಲ್ಲೂ ಇಲ್ಲ, ಬಾಂಬಿನಲ್ಲೂ ಇಲ್ಲ, ಸೂರ್ಯನಲ್ಲೂ ಇಲ್ಲ. ಪರಮಾಣುವಿನ ಕೇಂದ್ರವಾದ ನ್ಯೂಕ್ಲಿಯಸ್‌ನೊಳಗೆ ಅವು ಎಷ್ಟು ಬಿಗಿಯಾಗಿ ಕೂಡಿಕೊಂಡಿವೆ ಎಂಬುದು ಬದಲಾದಾಗ ಬರುವ ಸಣ್ಣ ವ್ಯತ್ಯಾಸ ಮಾತ್ರ ನಮ್ಮ ಕೈಗೆ ದಕ್ಕುತ್ತದೆ. ಬಿಗಿಯಾಗಿ ಕೂಡಿದಷ್ಟೂ ಶಕ್ತಿ ಹೊರಗೆ ಹೋಗಿರುತ್ತದೆ, ತೂಕ ಅಷ್ಟು ಇಳಿದಿರುತ್ತದೆ.

ನಿಮ್ಮ ಕಪ್ಪತಗುಡ್ಡದಲ್ಲಿ ಕಬ್ಬಿಣದ ಅದಿರು ಇದೆಯಲ್ಲ? ಕಬ್ಬಿಣದ ಆಸುಪಾಸಿನ ನ್ಯೂಕ್ಲಿಯಸ್‌ಗಳೇ ಎಲ್ಲಕ್ಕಿಂತ ಬಿಗಿ. ಜಲಜನಕದಂಥ ಹಗುರ ನ್ಯೂಕ್ಲಿಯಸ್‌ಗಳನ್ನು ಕೂಡಿಸಿದರೆ ಶಕ್ತಿ ಬರುತ್ತದೆ, ಯುರೇನಿಯಂನಂಥ ಭಾರದವುಗಳನ್ನು ಒಡೆದರೆ ಬರುತ್ತದೆ. ಕಬ್ಬಿಣವನ್ನು ಒಡೆದರೂ ನಾವೇ ಶಕ್ತಿ ಕೊಡಬೇಕು, ಕೂಡಿಸಿದರೂ ನಾವೇ ಕೊಡಬೇಕು. ಒಂದು ಗ್ರಾಂ ಏಕೆ, ಗುಡ್ಡವನ್ನೇ ಹಾಕಿದರೂ ಒಂದು ಬಲ್ಬು ಹತ್ತುವುದಿಲ್ಲ.

ಕಪ್ಪತಗುಡ್ಡದ ಗಾಳಿ, ಗದಗ ಜಿಲ್ಲೆ
ಗುಡ್ಡ ಹಾಕುವ ಮಾತು ಬೇಡ ಮಾಸ್ತರರೇ, ಗಣಿಯವರ ಕಿವಿಗೆ ಬಿದ್ದೀತು. 2019ರಲ್ಲಿ ವನ್ಯಜೀವಿಧಾಮ ಎಂದು ಉಳಿಸಿಕೊಂಡಿದ್ದೇವೆ.

ಆದರೂ ಒಂದು ಕೇಳುತ್ತೇನೆ. ಪೂರ್ತಿ ಶಕ್ತಿಯಾಗುವ ವಸ್ತು ಯಾವುದೂ ಇಲ್ಲವೇ?

ಹಳೆಯ ಮಾಸ್ತರ, ಗದಗ
ಇದೆ. ಪ್ರತಿದ್ರವ್ಯ. ಎಲೆಕ್ಟ್ರಾನ್ ತನ್ನ ಪ್ರತಿಕಣವಾದ (ತೂಕ ಅದೇ, ವಿದ್ಯುದಾವೇಶ ಮಾತ್ರ ವಿರುದ್ಧ) ಪಾಸಿಟ್ರಾನ್ ಜೊತೆ ಸೇರಿದರೆ ಎರಡೂ ಇಲ್ಲವಾಗಿ ಗಾಮಾ ಕಿರಣ, ಅಂದರೆ ಬಹಳ ಶಕ್ತಿಯ ಬೆಳಕು, ಉಳಿಯುತ್ತದೆ. ಆದರೆ ಪ್ರತಿದ್ರವ್ಯ ನೆಲ ಅಗೆದರೆ ಸಿಗುವುದಲ್ಲ. ಅದನ್ನು ತಯಾರಿಸಲು ಸುರಿಯುವ ಶಕ್ತಿ, ಅದರಿಂದ ಮರಳಿ ಬರುವ ಶಕ್ತಿಗಿಂತ ಎಷ್ಟೋ ಪಟ್ಟು ಹೆಚ್ಚು. ವ್ಯಾಪಾರಕ್ಕೆ ನಷ್ಟದ ಬಾಬು.

ಸ್ಕ್ಯಾನ್ ರೂಮಿನ ಅಕ್ಕ, ಹುಬ್ಬಳ್ಳಿ
ಮಾಸ್ತರರು ಹೇಳಿದ್ದು ನಮಗೆ ದಿನನಿತ್ಯದ ಕೆಲಸ, ಆದ್ದರಿಂದ ಬಾಯಿ ಹಾಕುತ್ತಿದ್ದೇನೆ. ಕ್ಯಾನ್ಸರ್ ರೋಗಿಗಳಿಗೆ ಪೆಟ್ ಸ್ಕ್ಯಾನ್ ಮಾಡುತ್ತೇವೆ. ಅದರ ಹೆಸರಿನಲ್ಲಿರುವ ‘ಪಿ’ ಎಂದರೆ ಪಾಸಿಟ್ರಾನ್. ಸಕ್ಕರೆಯನ್ನು ಹೋಲುವ ಒಂದು ವಸ್ತುವಿಗೆ ಫ್ಲೋರಿನ್-18 ಅಂಟಿಸಿದ ಔಷಧಿಯನ್ನು ರಕ್ತನಾಳಕ್ಕೆ ಕೊಟ್ಟು, ಸುಮಾರು ಒಂದು ಗಂಟೆ ರೋಗಿಯನ್ನು ಮಾತಿಲ್ಲದೆ ಮಲಗಿಸುತ್ತೇವೆ. ಗಡ್ಡೆ ಸಕ್ಕರೆಯನ್ನು ಗಬಗಬ ತಿನ್ನುತ್ತದೆ, ಔಷಧಿ ಅಲ್ಲೇ ಸೇರಿಕೊಳ್ಳುತ್ತದೆ. ಫ್ಲೋರಿನ್ ಬಿಟ್ಟ ಪಾಸಿಟ್ರಾನ್ ಒಂದೆರಡು ಮಿಲಿಮೀಟರ್ ಹೋಗುವಷ್ಟರಲ್ಲಿ ಎಲೆಕ್ಟ್ರಾನಿಗೆ ಸಿಕ್ಕಿ ಎರಡೂ ಮುಗಿಯುತ್ತವೆ. ಅಲ್ಲಿಂದ ಎರಡು ಗಾಮಾ ಕಿರಣಗಳು ಒಂದಕ್ಕೊಂದು ಬೆನ್ನು ತಿರುಗಿಸಿ ಹೊರಡುತ್ತವೆ, ಪ್ರತಿಯೊಂದರಲ್ಲೂ 511 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿ ಅಳೆಯುವ ಪುಟ್ಟ ಮಾನ). ಎಲೆಕ್ಟ್ರಾನಿನ ದ್ರವ್ಯರಾಶಿಗೆ ಇ = ಎಂಸಿ² ಹಾಕಿದರೆ ಬರುವ ಸಂಖ್ಯೆಯೂ ಅದೇ. ರೋಗಿಯ ಸುತ್ತ ಇರುವ ಬಳೆಯಂಥ ಯಂತ್ರ ಒಂದೇ ಕ್ಷಣಕ್ಕೆ ಎದುರುಬದುರು ಬಂದ ಜೋಡಿಗಳನ್ನು ಮಾತ್ರ ಎಣಿಸಿ ಚಿತ್ರ ಕಟ್ಟುತ್ತದೆ. ಫ್ಲೋರಿನ್-18ರ ಅರ್ಧಾಯುಷ್ಯ (ಅರ್ಧ ಪಾಲು ಕ್ಷಯಿಸಲು ಹಿಡಿಯುವ ಕಾಲ) ಸುಮಾರು 110 ನಿಮಿಷ, ಆದ್ದರಿಂದ ಔಷಧಿ ತರುವ ಗಾಡಿ ತಡವಾದರೆ ಇಡೀ ದಿನದ ಪಟ್ಟಿ ಏರುಪೇರು.

ಇಷ್ಟೆಲ್ಲ ಆದ ಮೇಲೂ ರೋಗಿ ಕೇಳುವುದು ಒಂದೇ: ‘ಅಕ್ಕಾ, ಊಟ ಯಾವಾಗ ಮಾಡಬಹುದು?’

ಸಪ್ತಾಪುರ ರೂಮು, ಧಾರವಾಡ
ಅಕ್ಕಾವರೇ, ಇದು ಯಾವ ಗೈಡಿನಲ್ಲೂ ಇರಲಿಲ್ಲ, ಧನ್ಯವಾದ. ಆದರೆ ನನ್ನ ಮೊದಲ ಗೆಳೆಯನ ಪ್ರಶ್ನೆ ಹಾಗೇ ಉಳಿಯಿತು. ಪ್ರೋಟಾನ್, ನ್ಯೂಟ್ರಾನ್ ಯಾವುದೂ ಕಡಿಮೆಯಾಗುವುದಿಲ್ಲ ಎನ್ನುತ್ತೀರಿ. ಹಾಗಿದ್ದರೆ ಯುರೇನಿಯಂ ಒಡೆದಾಗ ತೂಕ ಕಡಿಮೆಯಾಗುವುದು ಎಲ್ಲಿಂದ? ಇಟ್ಟಿಗೆ ಅಷ್ಟೇ ಇದ್ದು ಗೋಡೆಯ ತೂಕ ಇಳಿಯಿತು ಎಂದರೆ ಯಾರು ನಂಬುತ್ತಾರೆ?

ಭೌತಶಾಸ್ತ್ರ ಎಂ.ಎಸ್‌ಸಿ., ಧಾರವಾಡ
ನಂಬಲೇಬೇಕು ಅಣ್ಣಾ. ಅಳೆದು ನೋಡಿದ್ದಾರೆ.

ಯುರೇನಿಯಂ-235ಕ್ಕೆ ಒಂದು ನ್ಯೂಟ್ರಾನ್ ಬಡಿಯುತ್ತದೆ. ಅದು ಒಡೆಯುವ ದಾರಿ ಹಲವು, ಅದರಲ್ಲಿ ಒಂದು: ಬೇರಿಯಂ-141, ಕ್ರಿಪ್ಟಾನ್-92, ಜೊತೆಗೆ ಬಿಡಿ ನ್ಯೂಟ್ರಾನ್ ಮೂರು. ಎಣಿಸಿ. ಹೆಸರಿನ ಮುಂದಿನ ಅಂಕಿ ಅದರೊಳಗಿನ ಪ್ರೋಟಾನ್, ನ್ಯೂಟ್ರಾನ್‌ಗಳ ಒಟ್ಟು ಸಂಖ್ಯೆ. ಮೊದಲು 235 ಮತ್ತು 1, ಒಟ್ಟು 236. ಆಮೇಲೆ 141, 92, 3, ಅದೂ 236. ಒಂದೂ ಕಳೆದುಹೋಗಿಲ್ಲ. ಈಗ ಪರಮಾಣು ದ್ರವ್ಯರಾಶಿಯ ಮಾನದಲ್ಲಿ ತೂಗಿ. ಮೊದಲು 236.053, ಆಮೇಲೆ 235.867. ಕೊರತೆ 0.186. ಒಂದು ಮಾನಕ್ಕೆ 931.5 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ನಂತೆ ಗುಣಿಸಿದರೆ ಸುಮಾರು 173. ಬೇರಿಯಂ, ಕ್ರಿಪ್ಟಾನ್ ಮುಂದೆ ಕ್ಷಯಿಸಿ ಇನ್ನಷ್ಟು ಕೊಡುತ್ತವೆ. ಎಲ್ಲ ಸೇರಿ ಒಂದು ವಿದಳನಕ್ಕೆ, ಅಂದರೆ ಒಂದು ನ್ಯೂಕ್ಲಿಯಸ್ ಒಡೆಯುವುದಕ್ಕೆ, 200ರ ಆಸುಪಾಸು ಎಂದು ಪುಸ್ತಕಗಳು ಹೇಳುವುದು ಇದನ್ನೇ. ಒಟ್ಟು ತೂಕದ ಸಾವಿರಕ್ಕೆ ಒಂದು ಪಾಲೂ ಅಲ್ಲ.

ಈ 200ರ ಲೆಕ್ಕ ಮೊದಲು ಆದದ್ದು ಯಾವ ಪ್ರಯೋಗಶಾಲೆಯಲ್ಲೂ ಅಲ್ಲ. 1938ರ ಕ್ರಿಸ್‌ಮಸ್ ಸಮಯ. ನಾಜಿಗಳಿಂದ ತಪ್ಪಿಸಿಕೊಂಡು ಸ್ವೀಡನ್ ಸೇರಿದ್ದ ಭೌತವಿಜ್ಞಾನಿ ಲೀಸ್ ಮೈಟ್ನರ್ ಮತ್ತು ಅವರ ಸೋದರಿಯ ಮಗ ಆಟೊ ಫ್ರಿಶ್ ಹಿಮದಲ್ಲಿ ತಿರುಗಾಡಲು ಹೋಗಿದ್ದರು. ಬರ್ಲಿನ್‌ನಿಂದ ರಸಾಯನವಿಜ್ಞಾನಿ ಆಟೊ ಹಾನ್ ಬರೆದ ಪತ್ರ ಕೈಗೆ ಬಂದಿತ್ತು: ಯುರೇನಿಯಂನಿಂದ ಬೇರಿಯಂ ಬಂದಿದೆ, ಇದು ಹೇಗೆ ಸಾಧ್ಯ? ಇಬ್ಬರೂ ಮರದ ದಿಮ್ಮಿಯ ಮೇಲೆ ಕುಳಿತು ಚೀಟಿಗಳಲ್ಲಿ ಲೆಕ್ಕ ಹಾಕಿದರು. ಒಡೆದ ಎರಡು ತುಂಡುಗಳ ವಿದ್ಯುತ್ ವಿಕರ್ಷಣೆಯಿಂದ ಸುಮಾರು 200 ಬಂತು. ಮೈಟ್ನರ್ ಬೇರೆ ದಾರಿಯಲ್ಲಿ ನ್ಯೂಕ್ಲಿಯಸ್‌ಗಳ ದ್ರವ್ಯರಾಶಿಯ ಕೊರತೆ ತೆಗೆದರು, ಪ್ರೋಟಾನಿನ ಐದನೆಯ ಒಂದು ಭಾಗ. ಅದನ್ನು ಸಿ² ನಿಂದ ಗುಣಿಸಿದರೆ ಮತ್ತೆ 200. ಎರಡು ದಾರಿ, ಒಂದೇ ಊರು. ನೊಬೆಲ್ ಬಂದದ್ದು ಹಾನ್ ಒಬ್ಬರಿಗೆ. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಉಣಕಲ್ ದಂಡೆ, ಹುಬ್ಬಳ್ಳಿ
ನಮ್ಮ ಭಾವ ಕೈಗಾ ಪರಮಾಣು ಸ್ಥಾವರದಲ್ಲಿದ್ದಾರೆ. ಇಂಧನದ ಕಂತೆ ಒಳಗೆ ಹೋಗುವಾಗ ಹೇಗಿರುತ್ತದೆಯೋ ಹೊರಗೆ ಬರುವಾಗಲೂ ನೋಡಲು ಹೆಚ್ಚುಕಡಿಮೆ ಹಾಗೇ ಇರುತ್ತದೆ ಎಂದು ಅವರು ಹೇಳುತ್ತಾರೆ, ಅರ್ಧ ಮೀಟರ್ ಉದ್ದ, 19 ಕಡ್ಡಿಗಳು. ಮಾಯವಾಗುವುದು ಏನೂ ಇಲ್ಲ. ಆದರೆ ಹೊರಗೆ ಬಂದದ್ದರ ಹತ್ತಿರ ಮನುಷ್ಯ ಹೋಗುವಂತಿಲ್ಲ, ನೇರ ನೀರಿನ ಕೊಳಕ್ಕೆ.

ವಿದ್ಯಾನಗರ ಇಂಜಿನಿಯರ್, ಹುಬ್ಬಳ್ಳಿ
ದಂಡೆಯವರು ಕೈಗಾ ಎಂದದ್ದಕ್ಕೆ ಒಂದು ಲೆಕ್ಕ. ಅಲ್ಲಿಯ ಒಂದೊಂದು ಘಟಕ 220 ಮೆಗಾವ್ಯಾಟ್ ವಿದ್ಯುತ್ ಕೊಡುತ್ತದೆ. ಅದಕ್ಕಾಗಿ ಒಳಗೆ ಸುಮಾರು 750 ಮೆಗಾವ್ಯಾಟ್ ಶಾಖ ಹುಟ್ಟಬೇಕು, ಉಳಿದದ್ದು ತಂಪು ಮಾಡುವ ನೀರಿನ ಪಾಲು. ಒಂದನೆಯ ಘಟಕ 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿ ಆಗಿನ ವಿಶ್ವದಾಖಲೆ ಮಾಡಿತು. ಅಷ್ಟೂ ದಿನದ ಶಾಖವನ್ನು ಸಿ² ನಿಂದ ಭಾಗಿಸಿದರೆ ಬರುವುದು ಸುಮಾರು 700 ಗ್ರಾಂ. ಎರಡೂವರೆ ವರ್ಷಕ್ಕಿಂತ ಹೆಚ್ಚು ಕಾಲದ ಕರೆಂಟಿಗೆ ಮುಕ್ಕಾಲು ಕಿಲೋ ಕೂಡ ಇಲ್ಲ.

ಆದ್ದರಿಂದ ತಮ್ಮಾ, ಪರೀಕ್ಷೆಯಲ್ಲಿ ‘ದ್ರವ್ಯರಾಶಿ ಶಕ್ತಿಯಾಗಿ ಮಾರ್ಪಡುತ್ತದೆ’ ಎಂದು ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗಿ.

ಭೌತಶಾಸ್ತ್ರ ಎಂ.ಎಸ್‌ಸಿ., ಧಾರವಾಡ
ಗುರುತು ಹಾಕಲಿ, ಆದರೆ ನಂಬಬಾರದು. ‘ಮಾರ್ಪಡುತ್ತದೆ’ ಎಂದ ಕೂಡಲೇ ದ್ರವ್ಯರಾಶಿ ಸತ್ತು ಅದರ ಜಾಗದಲ್ಲಿ ಶಕ್ತಿ ಹುಟ್ಟಿತು ಎಂಬ ಚಿತ್ರ ತಲೆಯಲ್ಲಿ ಕೂರುತ್ತದೆ. ಇಡೀ ಗೊಂದಲದ ಮೂಲ ಅದೇ.

ಹೀಗೆ ಯೋಚಿಸಿ. ಗಟ್ಟಿಯಾದ ಒಂದು ಪೆಟ್ಟಿಗೆ. ಅದರಿಂದ ಬೆಳಕು, ಶಾಖ, ಕಣ ಯಾವುದೂ ಹೊರಗೆ ಬರುವುದಿಲ್ಲ ಎಂದುಕೊಳ್ಳೋಣ. ಒಳಗೆ ಯುರೇನಿಯಂ ಒಡೆಯಿತು. ಪೆಟ್ಟಿಗೆಯನ್ನು ತಕ್ಕಡಿಯ ಮೇಲೆ ಇಟ್ಟಿದ್ದೇವೆ. ಮುಳ್ಳು ಕದಲುತ್ತದೆಯೇ?

ವಿದ್ಯಾನಗರ ಇಂಜಿನಿಯರ್, ಹುಬ್ಬಳ್ಳಿ
ಕದಲಲೇಬೇಕು. 0.186 ಕಡಿಮೆಯಾಯಿತು ಎಂದು ನೀವೇ ಮೇಲೆ ಬರೆದಿದ್ದೀರಿ.

ಭೌತಶಾಸ್ತ್ರ ಎಂ.ಎಸ್‌ಸಿ., ಧಾರವಾಡ
ಕೂದಲೆಳೆಯಷ್ಟೂ ಕದಲುವುದಿಲ್ಲ. ಒಳಗಿನ ತುಂಡುಗಳು ಜೋರಾಗಿ ಓಡುತ್ತಿವೆ, ಡಿಕ್ಕಿ ಹೊಡೆದು ಪೆಟ್ಟಿಗೆಯನ್ನು ಬಿಸಿ ಮಾಡಿವೆ. ಆ ಚಲನೆಗೂ ಶಾಖಕ್ಕೂ ತೂಕವಿದೆ. ಮುಚ್ಚಳ ತೆಗೆದು ಶಾಖ ಹೊರಗೆ ಹೋಗಲು ಬಿಡಿ, ಆಗ ತೂಕ ಇಳಿಯುತ್ತದೆ, ಸರಿಯಾಗಿ ಹೊರಗೆ ಹೋದ ಶಕ್ತಿಯನ್ನು ಸಿ² ನಿಂದ ಭಾಗಿಸಿದಷ್ಟು. ನಾನು ಮೇಲೆ ಕೊಟ್ಟ 235.867 ಎಂಬುದು ತುಂಡುಗಳು ಓಡಿ ದಣಿದು ತಣ್ಣಗೆ ನಿಂತ ಮೇಲಿನ ತೂಕ. ದ್ರವ್ಯರಾಶಿ ಯಾವ ಹಂತದಲ್ಲೂ ‘ಬೇರೆ ಏನೋ’ ಆಗಲಿಲ್ಲ. ಶಕ್ತಿ ಹೊರಗೆ ಹೋಯಿತು, ತನ್ನ ದ್ರವ್ಯರಾಶಿಯನ್ನು ಜೊತೆಗೇ ಒಯ್ದಿತು.

ವಿದ್ಯಾನಗರ ಇಂಜಿನಿಯರ್, ಹುಬ್ಬಳ್ಳಿ
ಸರಿ, ಸ್ಕ್ಯಾನ್ ರೂಮಿನ ಅಕ್ಕ ಹೇಳಿದ್ದಕ್ಕೆ ಏನೆನ್ನುತ್ತೀರಿ? ಎಲೆಕ್ಟ್ರಾನಿಗೆ ದ್ರವ್ಯರಾಶಿ ಇದೆ, ಪಾಸಿಟ್ರಾನಿಗೆ ಇದೆ. ಗಾಮಾ ಕಿರಣದ ಫೋಟಾನಿಗೆ, ಅಂದರೆ ಬೆಳಕಿನ ಕಣಕ್ಕೆ, ಇಲ್ಲ. ಇದ್ದದ್ದು ಹೋಯಿತು, ಇಲ್ಲದ್ದು ಬಂತು. ಇದು ಮಾರ್ಪಾಡಲ್ಲದೆ ಮತ್ತೇನು?

ಭೌತಶಾಸ್ತ್ರ ಎಂ.ಎಸ್‌ಸಿ., ಧಾರವಾಡ
ಒಂದೊಂದು ಫೋಟಾನಿಗೆ ಇಲ್ಲ, ನಿಜ. ಎದುರುಬದುರು ಓಡುವ ಎರಡನ್ನೂ ಸೇರಿಸಿ ಒಂದು ವ್ಯವಸ್ಥೆ ಎಂದು ತೆಗೆದುಕೊಂಡರೆ ಅದಕ್ಕೆ ದ್ರವ್ಯರಾಶಿ ಇದೆ, 1,022 ಕಿಲೋ ಎಲೆಕ್ಟ್ರಾನ್ ವೋಲ್ಟಿಗೆ ಸಮನಾದದ್ದು. ಮೊದಲು ಎಷ್ಟಿತ್ತೋ ಅಷ್ಟೇ.

ವಿದ್ಯಾನಗರ ಇಂಜಿನಿಯರ್, ಹುಬ್ಬಳ್ಳಿ
ಸೊನ್ನೆಗೆ ಸೊನ್ನೆ ಕೂಡಿಸಿದರೆ 1,022! ಈ ಲೆಕ್ಕ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮಾತ್ರ ನಡೆಯುತ್ತದೆಯೋ, ಹುಬ್ಬಳ್ಳಿಗೂ ಬರುತ್ತದೆಯೋ?

ಭೌತಶಾಸ್ತ್ರ ಎಂ.ಎಸ್‌ಸಿ., ಧಾರವಾಡ
ಹುಬ್ಬಳ್ಳಿಯಲ್ಲೂ ನಡೆಯುತ್ತದೆ ಸರ್, ಚಿಗರಿ ಬಸ್ ಹತ್ತಿಸಿ ಕಳಿಸುತ್ತೇನೆ. ದ್ರವ್ಯರಾಶಿ ಬಿಡಿಬಿಡಿಯಾಗಿ ಕೂಡಿಸುವ ಬಾಬತ್ತಲ್ಲ ಎಂಬುದೇ ಇಲ್ಲಿಯ ಪಾಠ. ಒಂದೇ ದಿಕ್ಕಿಗೆ ಓಡುವ ಎರಡು ಫೋಟಾನ್‌ಗಳಿಗಾದರೆ ಒಟ್ಟಿಗೂ ಸೊನ್ನೆಯೇ. ವಿರುದ್ಧ ದಿಕ್ಕಿಗೆ ಓಡಿದರೆ ಸಂವೇಗಗಳು, ಅಂದರೆ ಓಟದ ಒದೆತಗಳು, ಒಂದನ್ನೊಂದು ಕಳೆದುಕೊಂಡು ಶಕ್ತಿ ಮಾತ್ರ ಉಳಿಯುತ್ತದೆ. ಸಂವೇಗ ಸೊನ್ನೆಯಿದ್ದೂ ಉಳಿದಿರುವ ಶಕ್ತಿಗೇ ದ್ರವ್ಯರಾಶಿ ಎಂದು ಹೆಸರು.

ಬ್ಯಾಡಗಿ ಖಾರ, ಹಾವೇರಿ ಜಿಲ್ಲೆ
ಇಬ್ಬರೂ ಒಂದು ಪ್ಲೇಟ್ ಗಿರ್ಮಿಟ್ ತಿಂದು ಬನ್ನಿ. ಮಿರ್ಚಿ ನನ್ನ ಲೆಕ್ಕದಲ್ಲಿ.

ಉಣಕಲ್ ದಂಡೆ, ಹುಬ್ಬಳ್ಳಿ
ಗಿರ್ಮಿಟ್ ಎಂದರೆ ಹುಬ್ಬಳ್ಳಿಯದು. ಧಾರವಾಡದವರು ಪೇಡೆ ತಂದರೆ ಸಾಕು.

ಹಳೆಯ ಮಾಸ್ತರ, ಗದಗ
ಮಗಳೇ, ನೀನು ಹೇಳುವುದು ಶುದ್ಧ. ಇಂಜಿನಿಯರರೂ ಸುಳ್ಳು ಹೇಳುತ್ತಿಲ್ಲ. ಅವರು ತುಂಡುಗಳನ್ನು ನಿಲ್ಲಿಸಿ ಒಂದೊಂದಾಗಿ ತೂಗುತ್ತಿದ್ದಾರೆ, ನೀನು ಇಡೀ ಪೆಟ್ಟಿಗೆಯನ್ನು ತೂಗುತ್ತಿದ್ದೀಯೆ. ತುಂಡುಗಳ ಮೊತ್ತ ಇಳಿಯಿತು, ಪೆಟ್ಟಿಗೆಯದು ಇಳಿಯಲಿಲ್ಲ. ಪಠ್ಯಪುಸ್ತಕ ಮೊದಲನೆಯದನ್ನು ಹೇಳಿ ಎರಡನೆಯದನ್ನು ನುಂಗಿಬಿಡುತ್ತದೆ.

ಸಪ್ತಾಪುರ ರೂಮು, ಧಾರವಾಡ
ಗುರುಗಳೇ, ಶಕ್ತಿಗೆ ತೂಕ ಇದೆ ಎನ್ನುವುದನ್ನೇ ಎಲ್ಲರೂ ಗೊತ್ತಿರುವ ಸಂಗತಿಯಂತೆ ಹೇಳುತ್ತಿದ್ದೀರಿ. ಐನ್‌ಸ್ಟೀನ್‌ಗೆ ಅದು ಹೇಗೆ ಹೊಳೆಯಿತು? ಗಣಿತ ಇಲ್ಲದೆ ಹೇಳಲು ಬರುತ್ತದೆಯೇ?

ಹಳೆಯ ಮಾಸ್ತರ, ಗದಗ
ಗಣಿತ ಸ್ವಲ್ಪ ಬೇಕು, ಹೈಸ್ಕೂಲಿನಷ್ಟು. ಐನ್‌ಸ್ಟೀನ್ ಇದನ್ನು ಮೊದಲು ಹೇಳಿದ್ದು 1905ರ ಸೆಪ್ಟೆಂಬರಿನಲ್ಲಿ ಬರೆದ, ಮೂರೇ ಪುಟದ ಲೇಖನದಲ್ಲಿ. ಕೆಳಗಿನದು ಅವರೇ 1946ರಲ್ಲಿ ಕೊಟ್ಟ ಇನ್ನೂ ಸುಲಭದ ದಾರಿ, ಜಾಗ ಮತ್ತು ದೀಪ ನಮ್ಮದು.

ಹುಬ್ಬಳ್ಳಿ ನಿಲ್ದಾಣದ 1,507 ಮೀಟರಿನ ಪ್ಲಾಟ್‌ಫಾರಂ ಗೊತ್ತಲ್ಲ? ಅದರ ಮೇಲೆ ಒಂದು ದೀಪ ಇಡಿ. ಹಳಿಗೆ ಅಡ್ಡವಾಗಿ, ಎಡಕ್ಕೊಂದು ಬಲಕ್ಕೊಂದು, ಸಮ ಶಕ್ತಿಯ ಎರಡು ಬೆಳಕಿನ ಮಿಂಚುಗಳನ್ನು ಅದು ಒಂದೇ ಕ್ಷಣಕ್ಕೆ ಬಿಡುತ್ತದೆ. ಎರಡೂ ಕಡೆಯ ಒದೆತ ಸಮ, ಆದ್ದರಿಂದ ದೀಪ ಇದ್ದಲ್ಲೇ ಇರುತ್ತದೆ.

ಈಗ ಇದನ್ನೇ ನಿಲ್ಲದೆ ಹಾದುಹೋಗುವ ರೈಲಿನೊಳಗಿಂದ ನೋಡಿ. ನಿಮ್ಮ ಲೆಕ್ಕಕ್ಕೆ ನೀವು ನಿಂತಿದ್ದೀರಿ, ದೀಪವೇ ಹಿಂದಕ್ಕೆ ಸಾಗುತ್ತಿದೆ. ನೆಟ್ಟಗೆ ಸುರಿಯುವ ಮಳೆ ಓಡುವ ರೈಲಿನ ಕಿಟಕಿಯಿಂದ ಓರೆಯಾಗಿ ಕಾಣುತ್ತದಲ್ಲ, ಹಾಗೆಯೇ ಆ ಎರಡು ಮಿಂಚುಗಳೂ ನಿಮಗೆ ತುಸು ಹಿಂದಕ್ಕೆ ಓರೆಯಾಗಿ ಕಾಣುತ್ತವೆ. ಬೆಳಕಿಗೆ ಸಂವೇಗ ಇದೆ, ಅದರ ಶಕ್ತಿಯನ್ನು ಬೆಳಕಿನ ವೇಗದಿಂದ ಭಾಗಿಸಿದಷ್ಟು. ಐನ್‌ಸ್ಟೀನ್‌ಗಿಂತ ಮೊದಲೇ ಇದು ತಿಳಿದಿತ್ತು. ಮಿಂಚು ಓರೆಯಾದ್ದರಿಂದ ಆ ಸಂವೇಗದಲ್ಲಿ ಒಂದು ಪಾಲು ಹಿಂದಕ್ಕೆ ಬೀಳುತ್ತದೆ. ಎಷ್ಟು ಪಾಲು? ರೈಲಿನ ವೇಗವನ್ನು ಬೆಳಕಿನ ವೇಗದಿಂದ ಭಾಗಿಸಿದಷ್ಟು. ಎರಡು ಸಲ ಬೆಳಕಿನ ವೇಗದಿಂದ ಭಾಗಿಸಿದ್ದನ್ನು ಗಮನಿಸಿ, ಸಿ² ಒಳಗೆ ನುಸುಳಿದ್ದು ಇಲ್ಲೇ.

ಅಂದರೆ ಮಿಂಚುಗಳು ಹಿಂದಿನ ದಿಕ್ಕಿನ ಒಂದಿಷ್ಟು ಸಂವೇಗವನ್ನು ಒಯ್ದವು. ಒಟ್ಟು ಸಂವೇಗ ಬದಲಾಗಬಾರದು, ಆದ್ದರಿಂದ ದೀಪದ ಸಂವೇಗ ಅಷ್ಟೇ ಕಡಿಮೆಯಾಗಿರಬೇಕು. ಸಂವೇಗ ಎಂದರೆ ದ್ರವ್ಯರಾಶಿ ಗುಣಿಸು ವೇಗ. ದೀಪದ ವೇಗ ಬದಲಾಗಿದೆಯೇ? ಇಲ್ಲ, ಪ್ಲಾಟ್‌ಫಾರಂ ಮೇಲೆ ನಿಂತವನು ನೋಡಿದ್ದಾನೆ, ಅದು ಕದಲಿಲ್ಲ. ವೇಗ ಅದೇ, ಸಂವೇಗ ಕಡಿಮೆ. ಉಳಿದದ್ದು ದ್ರವ್ಯರಾಶಿ ಒಂದೇ, ಅದೇ ಇಳಿದಿರಬೇಕು. ಎಷ್ಟು ಎಂದು ಬಿಡಿಸಿದರೆ, ಹೋದ ಬೆಳಕಿನ ಶಕ್ತಿ ಭಾಗಿಸು ಸಿ².

ಇದರಲ್ಲಿ ಯುರೇನಿಯಂ ಇಲ್ಲ, ನ್ಯೂಕ್ಲಿಯಸ್ ಇಲ್ಲ. ಬರೀ ಒಂದು ದೀಪ. ಆದ್ದರಿಂದಲೇ ಸೂತ್ರ ಎಲ್ಲಕ್ಕೂ ಅನ್ವಯಿಸುತ್ತದೆ. ಮೊದಲು ಬಾಕಿ ಇಟ್ಟ ಮಾತು ಈಗ: ಸೌದೆಯ ಲೆಕ್ಕದಲ್ಲೂ ವ್ಯತ್ಯಾಸ ಇದ್ದೇ ಇದೆ. ಮನೆಯ 14.2 ಕಿಲೋ ಸಿಲಿಂಡರ್ ಪೂರ್ತಿ ಉರಿದು, ಹುಟ್ಟಿದ ಅನಿಲ, ಆವಿ ಎಲ್ಲ ತಣ್ಣಗಾದ ಮೇಲೆ ತೂಗಿದರೆ ಮೊದಲಿದ್ದ ಅನಿಲ ಮತ್ತು ಆಮ್ಲಜನಕಕ್ಕಿಂತ ಸುಮಾರು ಏಳು ಮೈಕ್ರೋಗ್ರಾಂ ಕಡಿಮೆ. ಗ್ರಾಂನ ಹತ್ತು ಲಕ್ಷದಲ್ಲಿ ಏಳು ಪಾಲು. ಯಾವ ಅಂಗಡಿಯ ತಕ್ಕಡಿ ಹಿಡಿದೀತು?

ಸಪ್ತಾಪುರ ರೂಮು, ಧಾರವಾಡ
ಎರಡು ಸಲ ಓದಿದೆ. ‘ವೇಗ ಅದೇ, ಸಂವೇಗ ಕಡಿಮೆ’ ಎಂಬಲ್ಲಿ ತಲೆಯೊಳಗೆ ಏನೋ ತೆರೆಯಿತು. ಮೊಬೈಲ್ ಚಾರ್ಜ್ ಮಾಡಿದರೂ ತೂಕ ಹೆಚ್ಚಾಗುತ್ತದೆಯೇ ಹಾಗಾದರೆ?

ವಿದ್ಯಾನಗರ ಇಂಜಿನಿಯರ್, ಹುಬ್ಬಳ್ಳಿ
ಹೆಚ್ಚಾಗುತ್ತದೆ. 5,000 ಮಿಲಿಆಂಪಿಯರ್-ಅವರ್ ಬ್ಯಾಟರಿಗೆ ಒಂದು ನ್ಯಾನೋಗ್ರಾಂಗಿಂತ ಸ್ವಲ್ಪ ಕಡಿಮೆ. ಕವರಿನ ಮೇಲಿನ ಬೆರಳಿನ ಗುರುತು ಅದಕ್ಕಿಂತ ಎಷ್ಟೋ ಭಾರ.

ನರಗುಂದದ ರೈತ, ಗದಗ ಜಿಲ್ಲೆ
ಐನ್‌ಸ್ಟೀನ್ ಬಾಂಬ್ ಮಾಡಿದ ಎಂದು ಕೇಳಿದ್ದೆ. ನೀವು ದೀಪದ ಕಥೆ ಹೇಳುತ್ತಿದ್ದೀರಿ.

ಭೌತಶಾಸ್ತ್ರ ಎಂ.ಎಸ್‌ಸಿ., ಧಾರವಾಡ
ಕಾಕಾ, ಬಾಂಬ್ ಕಟ್ಟುವ ಕೆಲಸದಲ್ಲಿ ಅವರು ಇರಲಿಲ್ಲ. 1939ರಲ್ಲಿ ಜರ್ಮನಿ ಇಂಥದ್ದನ್ನು ಮಾಡಬಹುದು ಎಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರಿಗೆ ಹೋದ ಪತ್ರಕ್ಕೆ ಸಹಿ ಹಾಕಿದ್ದರು. ಬರೆಯುವಲ್ಲಿ ಮುಖ್ಯ ಪಾತ್ರ ಭೌತವಿಜ್ಞಾನಿ ಲಿಯೊ ಸಿಲಾರ್ಡ್ ಅವರದು. ಬಾಂಬಿಗೆ ಬೇಕಾದ ಮುಖ್ಯ ಸಂಗತಿ ಸರಣಿ ಕ್ರಿಯೆ, ಒಂದು ವಿದಳನದಿಂದ ಬಂದ ನ್ಯೂಟ್ರಾನ್ ಮುಂದಿನದನ್ನು ಒಡೆಯುವುದು. ಅದು ಸೂತ್ರದಲ್ಲಿ ಇಲ್ಲ. ಹಿರೋಷಿಮಾದ ಬಾಂಬಿನಲ್ಲಿ ಸುಮಾರು 64 ಕಿಲೋ ಯುರೇನಿಯಂ ಇತ್ತು. ಹೊರಬಿದ್ದ ಶಕ್ತಿಯ ದ್ರವ್ಯರಾಶಿ ಮುಕ್ಕಾಲು ಗ್ರಾಂ ಕೂಡ ಇಲ್ಲ.

ನರಗುಂದದ ರೈತ, ಗದಗ ಜಿಲ್ಲೆ
ಮುಕ್ಕಾಲು ಗ್ರಾಂ. ಊರಿಗೆ ಊರೇ ಹೋಯಿತಲ್ಲ ಮಗಳೇ.

ಬಿಸಿಲಿಗೂ ತೂಕ ಇದೆಯೇ? ಹೊಲದಲ್ಲಿ ನಿಂತಾಗ ಇದೆ ಎನ್ನಿಸುತ್ತದೆ.

ವಿದ್ಯಾನಗರ ಇಂಜಿನಿಯರ್, ಹುಬ್ಬಳ್ಳಿ
ಇದೆ ಕಾಕಾ. ಸೂರ್ಯ ಸೆಕೆಂಡಿಗೆ 42 ಲಕ್ಷ ಟನ್ನಿನಷ್ಟು ದ್ರವ್ಯರಾಶಿಯನ್ನು ಬೆಳಕಾಗಿ ಕಳೆದುಕೊಳ್ಳುತ್ತಾನೆ. ನಾಲ್ಕು ಜಲಜನಕ ಸೇರಿ ಒಂದು ಹೀಲಿಯಂ ಆಗುವಾಗ ಸಾವಿರಕ್ಕೆ ಏಳು ಪಾಲು ಹೀಗೆ ಹೋಗುತ್ತದೆ. ಆದರೂ 460 ಕೋಟಿ ವರ್ಷಗಳಲ್ಲಿ ಹೀಗೆ ಹೋದದ್ದು ಅವನ ಒಟ್ಟು ತೂಕದ ಹತ್ತು ಸಾವಿರಕ್ಕೆ ಮೂರು ಪಾಲಿನಷ್ಟು. ಅದರಲ್ಲಿ ಇಡೀ ಭೂಮಿಯ ಮೇಲೆ ಬೀಳುವ ಬಿಸಿಲಿನ ಪಾಲು ಸೆಕೆಂಡಿಗೆ ಸುಮಾರು ಎರಡು ಕಿಲೋ.

ಬ್ಯಾಡಗಿ ಖಾರ, ಹಾವೇರಿ ಜಿಲ್ಲೆ
ಅದರಲ್ಲಿ ಒಂದೂವರೆ ಕಿಲೋ ಏಪ್ರಿಲ್‌ನಲ್ಲಿ ಗದಗಿಗೇ ಬೀಳುತ್ತದೆ, ಬರೆದಿಟ್ಟುಕೊಳ್ಳಿ.

ಕಪ್ಪತಗುಡ್ಡದ ಗಾಳಿ, ಗದಗ ಜಿಲ್ಲೆ
ಹಾಗೆ ಬಂದ ಬಿಸಿಲಿನಿಂದ ಭೂಮಿಯ ತೂಕ ದಿನದಿನಕ್ಕೆ ಏರುತ್ತಾ ಹೋಗುವುದಿಲ್ಲವೇ?

ಹಳೆಯ ಮಾಸ್ತರ, ಗದಗ
ರಾತ್ರಿ ಹಗಲು ಶಾಖವಾಗಿ ಭೂಮಿ ಅಷ್ಟನ್ನೂ ಹೆಚ್ಚುಕಡಿಮೆ ಆಕಾಶಕ್ಕೆ ಮರಳಿಸುತ್ತದೆ. ಇಲ್ಲದಿದ್ದರೆ ನಾವು ಎಂದೋ ಬೆಂದುಹೋಗಿರುತ್ತಿದ್ದೆವು.

ಭೌತಶಾಸ್ತ್ರ ಎಂ.ಎಸ್‌ಸಿ., ಧಾರವಾಡ
ವಿದ್ಯಾನಗರ ಸರ್‌ಗೆ ಒಂದು ಮಾತು ಉಳಿದಿದೆ. ‘ಮಾರ್ಪಾಡು’ ಎನ್ನುವವರು ದ್ರವ್ಯರಾಶಿಯನ್ನು ಗಟ್ಟಿ ಸಾಮಾನು, ಶಕ್ತಿಯನ್ನು ಬೇರೆ ಜಾತಿಯದು ಎಂದು ತಿಳಿದಿರುತ್ತಾರೆ. ಪ್ರೋಟಾನನ್ನೇ ನೋಡಿ. ಅದರ ದ್ರವ್ಯರಾಶಿ ಸುಮಾರು 938 ಮಿಲಿಯನ್ ಎಲೆಕ್ಟ್ರಾನ್ ವೋಲ್ಟಿಗೆ ಸಮ. ಒಳಗಿರುವ ಕ್ವಾರ್ಕ್ ಎಂಬ ಮೂರು ಕಣಗಳ ಸ್ವಂತ ದ್ರವ್ಯರಾಶಿ ಕೂಡಿಸಿದರೆ ಅದರ ನೂರಕ್ಕೆ ಒಂದು ಪಾಲಿನಷ್ಟು. ಉಳಿದ 99 ಪಾಲು ಕ್ವಾರ್ಕ್‌ಗಳ ಓಟ ಮತ್ತು ಅವುಗಳನ್ನು ಹಿಡಿದಿಟ್ಟಿರುವ ಬಲಕ್ಷೇತ್ರದ ಶಕ್ತಿ. ಸಂತೆಯಲ್ಲಿ ಜೋಳ ತೂಗುವಾಗ ನೀವು ತೂಗುವುದು ಬಹುಪಾಲು ಆ ಶಕ್ತಿಯನ್ನೇ. ಇನ್ನು ಯಾವುದು ಯಾವುದಾಗಿ ಮಾರ್ಪಡಬೇಕು?

ವಿದ್ಯಾನಗರ ಇಂಜಿನಿಯರ್, ಹುಬ್ಬಳ್ಳಿ
ತಡೆಯಿರಿ, ಇಲ್ಲಿ ಹಿಡಿದೆ. ಬಿಗಿಯಾಗಿ ಕೂಡಿದರೆ ತೂಕ ಇಳಿಯುತ್ತದೆ ಎಂದರು ಮಾಸ್ತರರು. ನೀವು ಕ್ವಾರ್ಕ್‌ಗಳನ್ನು ಕೂಡಿಸಿ ತೂಕವನ್ನು ನೂರು ಪಟ್ಟು ಏರಿಸಿದಿರಿ. ಎರಡರಲ್ಲಿ ಯಾವುದು ಸರಿ?

ಭೌತಶಾಸ್ತ್ರ ಎಂ.ಎಸ್‌ಸಿ., ಧಾರವಾಡ
ಎರಡೂ. ಹೀಲಿಯಂನ ತುಂಡುಗಳನ್ನು ದೂರ ದೂರ ಒಯ್ದು ಬಿಡಿಯಾಗಿ ತೂಗಬಹುದು, ಆ ಬಿಡಿ ತೂಕಕ್ಕೆ ಹೋಲಿಸಿಯೇ ‘ಇಳಿಯಿತು’ ಎನ್ನುತ್ತೇವೆ. ಕ್ವಾರ್ಕನ್ನು ಹಾಗೆ ಒಂಟಿಯಾಗಿ ಹೊರಗೆ ತರಲು ಬರುವುದಿಲ್ಲ. ಎಳೆದಷ್ಟೂ ಕ್ಷೇತ್ರದಲ್ಲಿ ಶಕ್ತಿ ತುಂಬುತ್ತಾ ಹೋಗಿ, ಕೊನೆಗೆ ಆ ಶಕ್ತಿಯಿಂದಲೇ ಹೊಸ ಕ್ವಾರ್ಕ್ ಮತ್ತು ಪ್ರತಿಕ್ವಾರ್ಕ್ ಜೋಡಿ ಹುಟ್ಟಿ ಎರಡೂ ತುದಿಗೆ ಅಂಟಿಕೊಳ್ಳುತ್ತವೆ. ಬಿಡಿ ಕ್ವಾರ್ಕಿನ ತೂಕ ಎಂಬುದೇ ಕೈಗೆ ಸಿಗದಿರುವಾಗ ಏರಿತೋ ಇಳಿಯಿತೋ ಎಂದು ಯಾವುದಕ್ಕೆ ಹೋಲಿಸುತ್ತೀರಿ?

ವಿದ್ಯಾನಗರ ಇಂಜಿನಿಯರ್, ಹುಬ್ಬಳ್ಳಿ
ಶಕ್ತಿಯಿಂದ ಹೊಸ ಜೋಡಿ ‘ಹುಟ್ಟುತ್ತದೆ’ ಎಂದಿರಿ. ಅದಕ್ಕೆ ನಮ್ಮ ಕಡೆ ಮಾರ್ಪಾಡು ಎನ್ನುತ್ತಾರೆ ತಂಗಿ.

ಭೌತಶಾಸ್ತ್ರ ಎಂ.ಎಸ್‌ಸಿ., ಧಾರವಾಡ
ಪೆಟ್ಟಿಗೆಯೊಳಗೆ ಇಟ್ಟು ತೂಗಿ ಸರ್, ಆಮೇಲೆ ಮಾತಾಡೋಣ.